ತಿಳಿನೀರೆಲ್ಲವೂ ಶುದ್ಧಜಲವಲ್ಲ

ಬಾವಿ ತೋಡಿಸುವುದು ಪುಣ್ಯಕಾರ್ಯವೆಂಬ ಭಾವನೆ ಕನ್ನಡನಾಡಿನಲ್ಲಿ ಪುರಾತನವಾದುದು. ಇಂದಿಗೂ ಶಾಲೆಗೊಂದು ಕೊಳವೆಬಾವಿ ಕೊರೆಯಿಸಿಕೊಡಲು ದಾನಿಗಳು ಮುಂದಾಗುತ್ತಾರೆ. ಅವರ ಹೆಸರು ಶಿಲಾಫಲಕವನ್ನೇರುತ್ತದೆ. ಆದರೆ ಆ ನೀರಿನಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ.

ನೀರಿನ ಶುದ್ಧಿಯನ್ನು ಕಣ್ಣು, ಮೂಗು, ನಾಲಗೆಗಳಿಂದ ಅಳೆಯುವುದು ಲೋಕರೂಢಿ. ನೈಟ್ರೇಟ್ ಈ ಮೂರಕ್ಕೂ ಸಿಲುಕದು. ಹೊಲಕ್ಕೆ ಮಿತಿಮೀರಿ ಸುರಿದ ಯೂರಿಯಾ, ತಿಪ್ಪೆಯ ರಸ, ಶೌಚಗುಂಡಿಯ ಕೊಳೆ, ಇವುಗಳಲ್ಲಿನ ಸಾರಜನಕವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಟ್ಟು, ಇಂಗುವ ನೀರಿನೊಡನೆ ಅಂತರ್ಜಲವನ್ನು ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಅದು 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇಕಡಾ 48ರಷ್ಟು ಈ ಮಿತಿಯನ್ನು ದಾಟಿದ್ದವು.

ಅಪಾಯವು ಮೊದಲು ತಟ್ಟುವುದು ಹಸುಗೂಸಿಗೆ. ಅಮೆರಿಕದ ಅಯೋವಾ ಪ್ರಾಂತದಲ್ಲಿ ಬಾವಿಯ ನೀರು ಬೆರೆಸಿದ ಹಾಲು ಕುಡಿದ ಶಿಶುಗಳ ಮೈ ನೀಲಿಗಟ್ಟಿದುದನ್ನು ವೈದ್ಯ ಹಂಟರ್ ಕಾಮ್ಲಿಯವರು 1945ರಲ್ಲಿಯೇ ಜಗತ್ತಿಗೆ ತಿಳಿಸಿದರು. ನೈಟ್ರೇಟು ದೇಹದಲ್ಲಿ ನೈಟ್ರೈಟಾಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಆರು ತಿಂಗಳೊಳಗಿನ ಶಿಶುವಿಗೆ ಇದನ್ನು ಸರಿಪಡಿಸಿಕೊಳ್ಳುವ ಶಕ್ತಿ ಕಡಿಮೆ. ನೀರನ್ನು ಕುದಿಸಿ ಕೊಡುವ ತಾಯಿಯ ಎಚ್ಚರಿಕೆಯೂ ಇಲ್ಲಿ ವಿಪರೀತಫಲವನ್ನೇ ನೀಡುತ್ತದೆ. ನೀರು ಆವಿಯಾಗಿ ಕುಗ್ಗಿದಷ್ಟೂ ಉಳಿದುದರಲ್ಲಿ ನೈಟ್ರೇಟಿನ ಪ್ರಮಾಣ ಏರುತ್ತದೆ. ಕ್ಲೋರಿನ್ ಬೆರೆಸಿದರೂ ಅದು ತೊಲಗದು.

ಶಾಲೆಯ ಮಕ್ಕಳು ಹಸುಗೂಸುಗಳಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತು ನಿಜ. ಬೆಳೆದ ಮಕ್ಕಳಿಗೆ ಈ ನೀಲಿರೋಗದ ಭಯ ಅಷ್ಟಿಲ್ಲ. ಆದರೆ ಶಾಲೆಯ ಬಾವಿಗೂ ಸುತ್ತಲಿನ ಮನೆಗಳ ಬಾವಿಗಳಿಗೂ ನೆಲವೊಂದೇ. ಇಲ್ಲಿ ಕಂಡ ದೋಷ ಅಲ್ಲಿಗೂ ಎಚ್ಚರಿಕೆಯಾಗಬೇಕು. ಆ ಮನೆಗಳ ತೊಟ್ಟಿಲಲ್ಲಿ ಮಲಗಿರುವುದು ಈ ವಿದ್ಯಾರ್ಥಿಗಳ ತಮ್ಮ ತಂಗಿಯರೇ.

ಆದುದರಿಂದ ಬಾವಿಯನ್ನು ದಾನ ಮಾಡುವವರು ಪ್ರತಿವರ್ಷದ ನೀರಿನ ಪರೀಕ್ಷೆಗೂ ಅಲ್ಪ ನಿಧಿಯನ್ನು ಮೀಸಲಿಡುವುದು ಯುಕ್ತ. ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ, ವಿಜ್ಞಾನದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಜೊತೆಗಿರಿಸಿಕೊಂಡು ಮಾದರಿಯನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸಲಿ. ಬಂದ ಫಲಿತಾಂಶವನ್ನು ಊರಿಗೆಲ್ಲ ಕಾಣುವಂತೆ ಫಲಕದ ಮೇಲೆ ಬರೆಯಿಸಲಿ. ತಿಪ್ಪೆಯೂ ಶೌಚಗುಂಡಿಯೂ ಬಾವಿಯಿಂದ ದೂರ ಸರಿಯಲಿ. ನೀರು ಚಿಮ್ಮಿದ ದಿನಕ್ಕೇ ಜಲದಾನ ಮುಗಿಯುವುದಿಲ್ಲ. ಆ ನೀರು ನಿರ್ದೋಷವಾಗಿ ಉಳಿದಿರುವವರೆಗೆ ಮಾತ್ರ ಅದು ದಾನವೆನಿಸುತ್ತದೆ.