ಮೂಟೆಗಿಂತ ಕಡೆಯಾದೆವೆ?



ಕೊಳ್ಳೇಗಾಲ, ಯಳಂದೂರು ಹಾದುಹೋಗುವ 948ನೇ ಹೆದ್ದಾರಿಯಲ್ಲಿ ರಾತ್ರಿ ನಿಂತು ನೋಡಿ. ಕರಿಕಲ್ಲಿನ ಲಾರಿ, ಕಬ್ಬಿನ ಟ್ರಾಕ್ಟರ್, ಪಾರ್ಸಲ್ ಗಾಡಿ ಒಂದರ ಬೆನ್ನಿಗೊಂದು. ಬೆಳಗಾದರೆ ಹನೂರು ಕಡೆ ಟೆಂಪೋದ ಹಿಂದೆ ನಿಂತುಕೊಂಡೇ ಕೂಲಿಗೆ ಹೋಗುವ ನಮ್ಮ ಅವ್ವಂದಿರು. ಅಲ್ಲಿ ಧಣಿಗಳ ಮನೆಯವರನ್ನು ಯಾವತ್ತಾದರೂ ಕಂಡಿದ್ದೀರಾ? ಬಸ್ಸು ಬರದ ಕೇರಿಗೆ ಟೆಂಪೋವೇ ಬಸ್ಸು.

ಗಾಡಿ ಮಗುಚಿದರೆ 'ಚಾಲಕನ ಅಜಾಗರೂಕತೆ' ಅಂತ ಬರೆದು ಕೈತೊಳ್ಕೊತಾರೆ. ಆ ಚಾಲಕನೂ ನಮ್ಮ ಹುಡುಗನೇ. ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂದು 1961ರಲ್ಲೇ ಕಾನೂನು ಬಂತು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಕೊಡುವವನಿಗೆ ಗಂಟೆಯ ಲೆಕ್ಕ ಯಾಕೆ ಬೇಕು? ನಿದ್ದೆಗೆಟ್ಟ ಕಣ್ಣಿಗೆ ರಸ್ತೆ ಕಾಣೋದಿಲ್ಲ.

ಸರಕಿನ ಗಾಡಿಯಲ್ಲಿ ಹೋಗುವ ಸರಕಿನ ಯಜಮಾನನಿಗೆ 1994ರ ತಿದ್ದುಪಡಿ ವಿಮೆ ಕೊಟ್ಟಿತು. ಬರೀ ಪ್ರಯಾಣಿಕನಾಗಿ ಹತ್ತಿದವನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂಟೆಯ ಒಡೆಯನಿಗೆ ಬೆಲೆ ಉಂಟು, ಮೂಟೆಯಂತೆ ತುಂಬಿದ ಮನುಷ್ಯನಿಗಿಲ್ಲ!

ಅಕ್ಷರ ಕಲಿತ ನಮಗೆ ಕೆಲಸ ಇದೆ. ಅಪಘಾತವಾದರೆ ಪಂಚಾಯ್ತಿ ಕಟ್ಟೆಯ ರಾಜಿಗೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ. ಎಫ್‌ಐಆರ್ ಮಾಡಿಸಿ, ಆರು ತಿಂಗಳೊಳಗೆ ಗಾಡಿ ಮಾಲೀಕನ ಮೇಲೆ ಪರಿಹಾರದ ಅರ್ಜಿ ಹಾಕಿಸಿ. ಗುದ್ದಿ ಓಡಿದ ಗಾಡಿ ಸಿಗದಿದ್ದರೂ ಸತ್ತವರ ಮನೆಗೆ 2 ಲಕ್ಷ ರೂಪಾಯಿ ಕೊಡಬೇಕೆಂಬ ನಿಯಮ 2022ರಿಂದ ಇದೆ. ತಾಲ್ಲೂಕು ಕಚೇರಿಗೆ ಹೋಗಿ ಕೇಳಿ.

ಕೇರಿಗೆ ಬಸ್ಸು ಬರುವತನಕ ಡಿಪೋ ಮುಂದೆ ಕೂರೋಣ. ಕೂಲಿಗೆ ಹೋದ ಅವ್ವ ಸಂಜೆಗೆ ಮನೆಗೆ ಬರಬೇಕು.