ವಸತಿಹೀನರೂ ಒಂದು ಸಣ್ಣ ನಗರವೂ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿರುವ ಮೆಡಿಸಿನ್ ಹ್ಯಾಟ್ ನಗರದ ಜನಸಂಖ್ಯೆ ಸುಮಾರು 63 ಸಾವಿರ. ವಸತಿಹೀನನಿಗೆ ಮೊದಲು ಮನೆ, ಕುಡಿತ ಕಾಯಿಲೆಗಳ ಚಿಕಿತ್ಸೆ ಅನಂತರ ಎಂಬ ನೀತಿಯನ್ನು ಅದು 2009ರಲ್ಲಿ ಕೈಗೊಂಡಿತು. ಕಾರ್ಯಕರ್ತರು ತಾವಾಗಿ ಬೀದಿಗಿಳಿದು ಅಲ್ಲಿರುವವರನ್ನು ಹೆಸರು ಹಿಡಿದು ಪಟ್ಟಿಮಾಡುವರು. ಹತ್ತು ದಿನಗಳೊಳಗೆ ಸೂರು ಒದಗಿಸುವುದು ಗುರಿಯಾಗಿತ್ತು. ಮಾಜಿ ಮೇಯರ್ ಟೆಡ್ ಕ್ಲಗ್‌ಸ್ಟನ್‌ರವರು ಮೊದಲು ಇದನ್ನು ವಿರೋಧಿಸಿದ್ದರು. ಬೀದಿಯಲ್ಲಿರುವವನಿಗಾಗಿ ಆಸ್ಪತ್ರೆ, ಪೊಲೀಸು, ಸೆರೆಮನೆಗಳಿಗೆ ತಗಲುವ ವೆಚ್ಚವು ಮನೆಯ ವೆಚ್ಚಕ್ಕಿಂತ ಹೆಚ್ಚೆಂದು ಕಂಡ ಬಳಿಕ ಬೆಂಬಲಿಗರಾದರು. ದಯೆಯಿಂದಾಗದ ಕೆಲಸ ಲೆಕ್ಕದಿಂದಲಾದರೂ ಆಯಿತಲ್ಲ!

2021ರಲ್ಲಿ ದೀರ್ಘಕಾಲದ ವಸತಿಹೀನರ ಸಂಖ್ಯೆ ಸತತ ಮೂರು ತಿಂಗಳು ಮೂರನ್ನು ಮೀರಲಿಲ್ಲ. ಆ ದೇಶದಲ್ಲೇ ಮೊದಲ ನಗರವೆಂಬ ಕೀರ್ತಿ ಬಂದಿತು. ಆದರೆ ಆ ಸ್ಥಿತಿ ಉಳಿಯಲಿಲ್ಲ, ಸಂಖ್ಯೆ ಪುನಃ ಏರಿತು. ಒಬ್ಬನನ್ನು ಒಳಸೇರಿಸುವಷ್ಟರಲ್ಲಿ ಬಾಡಿಗೆ ತೆರಲಾರದೆ ಇನ್ನೊಬ್ಬನು ಹೊರಬಿದ್ದರೆ ಪಟ್ಟಿ ಮುಗಿಯುವುದೆಂತು? ಕೆಲಸ ಹೋದ ರಾತ್ರಿಯೇ ಮಲಗುವ ಜಾಗವನ್ನೂ ಕಳೆದುಕೊಳ್ಳುವ ನಮ್ಮ ಹೋಟೆಲು ಕಾರ್ಮಿಕ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಕಿಬಿದ್ದ ಬಾಡಿಗೆಗೆ ಸಕಾಲದಲ್ಲಿ ನೆರವಾಗುವುದು, ಆಸ್ಪತ್ರೆ ಸೆರೆಮನೆಗಳಿಂದ ಹೊರಬರುವವನಿಗೆ ಮುಂಚಿತವಾಗಿಯೇ ಜಾಗ ಗೊತ್ತುಮಾಡುವುದು, ಇವುಗಳಿಗೇ ಆ ನಗರವು ಇನ್ನು ಹೆಚ್ಚಿನ ಹಣ ತೆಗೆದಿಡಬೇಕೆಂದು ನಮ್ಮ ಎಣಿಕೆ.