ಏರ್‌ಗನ್ನಿನ ಗಿರಾಕಿ ಯಾರು?

ಹಳೆಯ ಸ್ಪ್ರಿಂಗ್ ಮಾದರಿಯ ಏರ್‌ಗನ್ನನ್ನು ಪುನಃ ತಯಾರಿಸಿದರೆ ಲಾಭವುಂಟೆಂಬ ವಾದವೊಂದಿದೆ. ದೊಡ್ಡಬಳ್ಳಾಪುರ, ನೆಲಮಂಗಲಗಳ ಲೇತ್ ಯಂತ್ರಗಳಿಗೆ ಅದರ ತಯಾರಿಕೆ ಅಸಾಧ್ಯವೇನಲ್ಲ. ಆದರೆ ಕೊಳ್ಳುವವರಾರು?

ಕ್ರೀಡಾಪಟುಗಳೆಂಬ ಉತ್ತರ ನಿಲ್ಲದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ಇಂದು ಬಳಕೆಯಾಗುವುದು ಸಿಲಿಂಡರಿನಲ್ಲಿ ಗಾಳಿ ತುಂಬಿದ ರೈಫಲ್. ಸ್ಪ್ರಿಂಗಿನ ಒದೆತ ಅಲ್ಲಿ ದೋಷವೇ ಸರಿ. ಕಲಿಯುವ ಮಕ್ಕಳಿಗೆ ಹಳೆಯದು ಸಾಕೆನ್ನೋಣ. ಒಂದೇ ರೈಫಲ್ ಹತ್ತಾರು ಮಕ್ಕಳಿಗೆ ಹಲವು ವರ್ಷ ಸಾಲುವಾಗ, ಅಷ್ಟರಿಂದಲೇ ಕಾರ್ಖಾನೆ ನಡೆದೀತೆ? ಉಳಿದ ಗಿರಾಕಿ ಹಕ್ಕಿ ಹೊಡೆಯುವವನು. ಲಾಭದ ಲೆಕ್ಕ ನಿಂತಿರುವುದು ಅವನ ಮೇಲೆಯೇ.

ದೇವನಹಳ್ಳಿಯ ದ್ರಾಕ್ಷಿ ಉಳಿಸಲು ಬಲೆ ಹೊದಿಸುವ ಮಾರ್ಗವಿದೆ. ಹೊಸಕೋಟೆ ಕೆರೆಯ ಹಕ್ಕಿಗೆ ಗುಂಡಿನಿಂದ ರಕ್ಷಣೆಯೆಲ್ಲಿದೆ? ಅರುಣಾಚಲ ಪ್ರದೇಶದಲ್ಲಿ 2021ರಿಂದ ಗ್ರಾಮಸ್ಥರು ತಾವಾಗಿಯೇ ಏರ್‌ಗನ್ನುಗಳನ್ನು ಸರ್ಕಾರಕ್ಕೆ ಒಪ್ಪಿಸತೊಡಗಿದರು. ಅಲ್ಲಿ ತ್ಯಜಿಸಿದ್ದನ್ನು ಇಲ್ಲಿ ಹೊಸದಾಗಿ ತಯಾರಿಸುವುದು ಯಾವ ಪ್ರಗತಿ?

ಆಯುಧ ಕೊಡುವುದನ್ನು ಆಚಾರ್ಯ ಸಮಂತಭದ್ರರು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ದಾನವೇ ದೋಷವಾದರೆ ಮಾರಾಟ ನಿರ್ದೋಷವಾಗುವುದೆಂತು? ಬಂದೂಕಿನ ನಳಿಗೆಯನ್ನು ಕಡೆಯಬಲ್ಲ ಲೇತ್, ನೀರೆತ್ತುವ ಪಂಪಿನ ದಂಡವನ್ನೂ ಕಡೆಯಬಲ್ಲದು. ಬಂಡವಾಳ ಹೂಡುವವರು ಆಯ್ದುಕೊಳ್ಳಲಿ.